ಹುಬ್ಬಿನ ಮೇಲಿನ ಗೀರು

ಸ್ಕ್ಯಾನರಿನ ಗಾಜನ್ನು ನಾನು ಆಗಷ್ಟೇ ಒರೆಸಿದ್ದೆ. ಕಾರ್ಡು ಸಂಗ್ರಾಹಕರ ಸಂಘದ ಕಾರ್ಯದರ್ಶಿಗಳು ಪಕ್ಕದಲ್ಲೇ ನಿಂತು ಅದನ್ನು ನೋಡಿದ್ದರು. ಆದರೂ ತಮ್ಮ ಪಂಚೆಯ ತುದಿ ಎತ್ತಿ ಇನ್ನೊಂದು ಸಲ ಒರೆಸಿದರು, ಉಫ್ ಅಂತ ಊದಿದರು, ಆಮೇಲೆ ಸ್ಟೀಲ್ ಡಬ್ಬಿಯಿಂದ ಚಿಮಟದಲ್ಲಿ ಒಂದು ಕಾರ್ಡು ತೆಗೆದು ಅದರ ಮೇಲೆ ಮಲಗಿಸಿದರು. ಈ ಕೆಲಸ ನನ್ನ ಪ್ರಾಣ ಹಿಂಡುತ್ತದೆ ಅಂತ ಆಗಲೇ ಗೊತ್ತಾಯಿತು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಮೈಸೂರಿನ ಸಿದ್ಧಾರ್ಥನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ನಾಮಕರಣದ ಕಾಗದ, ಕಾಲೇಜಿನವರ ಪ್ರಾಜೆಕ್ಟ್ ರಿಪೋರ್ಟು, ಇಷ್ಟರಲ್ಲೇ ಹೇಗೋ ನಡೆಯುತ್ತಿತ್ತು. ಅಂಥದ್ದರಲ್ಲಿ ಕ್ರೀಡಾ ಕಾರ್ಡು ಸಂಗ್ರಾಹಕರ ಸಮಾವೇಶ ಅಂತ ತಲೆ ಮೇಲೆ ಬಂದು ಬಿತ್ತು. ಒಂಟಿಕೊಪ್ಪಲಿನ ಒಂದು ಸಮುದಾಯ ಭವನದಲ್ಲಿ ಶನಿವಾರ, ಭಾನುವಾರ. ಹೊರಗೆ ಹಾಕುವ ಫ್ಲೆಕ್ಸ್ ಬೋರ್ಡು, ಪ್ರತಿ ಕಾರ್ಡಿನ ಕೆಳಗೆ ಅಂಟಿಸುವ ವಿವರದ ಚೀಟಿ, ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು, ಎಲ್ಲ ನನ್ನ ಪಾಲಿಗೆ. ಸಾಲದು ಅಂತ, ಆ ಎರಡು ದಿನ ಕಂಪ್ಯೂಟರು, ಪ್ರಿಂಟರು ಹೊತ್ತುಕೊಂಡು ಹೋಗಿ ಭವನದಲ್ಲೇ ಕೂತಿರಬೇಕು, ಯಾಕೆಂದರೆ ಸಂಗ್ರಾಹಕರು ಕೊನೇ ಗಳಿಗೆಯವರೆಗೂ ಚೀಟಿ ಬದಲಾಯಿಸುತ್ತಲೇ ಇರುತ್ತಾರಂತೆ. ಒಪ್ಪಿಕೊಂಡೆ. ಆಗಲ್ಲ ಅನ್ನುವ ಬುದ್ಧಿ ನನಗೆ ಯಾವತ್ತೂ ಸಮಯಕ್ಕೆ ಸರಿಯಾಗಿ ಬಂದಿಲ್ಲ.

ಕಾರ್ಡು ಅಂದರೆ ನಮ್ಮ ಕಾಲದ ಮಕ್ಕಳಿಗೆಲ್ಲ ಗೊತ್ತಿರುವ ಸಾಮಾನೇ. ಬಬಲ್ ಗಮ್ ಜೊತೆಗೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರ. ತೂಕ, ಎತ್ತರ ಬರೆದಿದ್ದ ಕುಸ್ತಿಯವರ ಟ್ರಂಪ್ ಕಾರ್ಡು. ಮೈಸೂರಿನವರಿಗೆ ಮಾತ್ರ ಇನ್ನೊಂದು ಬಗೆ ಇತ್ತು. ತೊಂಬತ್ತರ ದಶಕದಲ್ಲಿ ಇಲ್ಲಿಯ ಒಂದು ಅಗರಬತ್ತಿ ಕಂಪನಿ ಪೊಟ್ಟಣಕ್ಕೊಂದು ಚಿತ್ರ ಇಟ್ಟು ಮಾರಿತ್ತು. ದಸರಾ ಕ್ರೀಡಾಕೂಟದಲ್ಲಿ ಹೆಸರು ಮಾಡಿದ ನಮ್ಮ ಸೀಮೆಯ ಪೈಲ್ವಾನರು, ಕಬಡ್ಡಿಯವರು, ಖೊ-ಖೊ ಹುಡುಗಿಯರು. ಅರ್ಧ ಇಸ್ಪೀಟೆಲೆಯಷ್ಟು ಕಾರ್ಡು. ಎಷ್ಟು ವರ್ಷವಾದರೂ ಮೂಗಿನ ಹತ್ತಿರ ಹಿಡಿದರೆ ಊದುಬತ್ತಿಯ ವಾಸನೆ, ಅಂಚಿನಲ್ಲಿ ಎಣ್ಣೆಯ ಕಲೆ. ಕಲೆ ಇಲ್ಲದ ಕಾರ್ಡನ್ನು ಸಂಗ್ರಾಹಕರು ನಂಬುವುದೇ ಇಲ್ಲ. ಕಲರ್ ಜೆರಾಕ್ಸ್ ಬಂದ ಮೇಲೆ ನಕಲಿ ಕಾರ್ಡುಗಳ ಕಾಟ ಶುರುವಾಗಿತ್ತು, ಅಸಲಿಗೆ ಆ ಕಲೆಯೇ ಗುರುತು.

ಕಾರ್ಯದರ್ಶಿಗಳದು ಸಂತೇಪೇಟೆಯಲ್ಲಿ ದಿನಸಿ ಮಂಡಿ. ಹಣೆ ತುಂಬ ವಿಭೂತಿ, ಮೆದು ಮಾತು, ಬೈದರೂ ಸಮಾಧಾನವಾಗಿ ಬೈಯುವ ಮನುಷ್ಯ. ಅಗರಬತ್ತಿಯ ಸಗಟು ವ್ಯಾಪಾರವೂ ಇದ್ದುದರಿಂದ, ಆಗ ಪೊಟ್ಟಣಗಳನ್ನು ಗೋಡೌನಿನಲ್ಲೇ ಬಿಚ್ಚಿ ತಮಗೆ ಬೇಕಾದ ಕಾರ್ಡು ಆರಿಸಿಕೊಂಡು, ಮತ್ತೆ ಅಂಟಿಸಿ ಅಂಗಡಿಗಳಿಗೆ ಕಳಿಸುತ್ತಿದ್ದರಂತೆ. ಪೊಟ್ಟಣದಲ್ಲಿ ಚಿತ್ರವೇ ಇಲ್ಲ ಅಂತ ಊರೆಲ್ಲ ಗೊಣಗುತ್ತಿದ್ದಾಗ ಚಿತ್ರಗಳೆಲ್ಲ ಇವರ ಸ್ಟೀಲ್ ಡಬ್ಬಿಯಲ್ಲಿದ್ದವು. ಇದನ್ನು ನಗುನಗುತ್ತಲೇ ಹೇಳಿದರು.

ಚಿಮಟದಲ್ಲಿ ತೆಗೆದಿಟ್ಟದ್ದು ಅವರ ಪ್ರಾಣದಂಥ ಕಾರ್ಡು. ಒಬ್ಬ ಖೊ-ಖೊ ಹುಡುಗಿ ಕಂಬಕ್ಕೆ ಕೈ ಕೊಟ್ಟು ತಿರುಗುತ್ತಿದ್ದಾಳೆ, ಮುಖ ನೇರ ನಮ್ಮ ಕಡೆಗಿದೆ, ಹಿಂದೆ ಖಾಲಿ ಆಕಾಶ. ಕೆಳಗೆ ಹಳದಿ ಪಟ್ಟಿಯಲ್ಲಿ ಆಗಿನ ರಾಜ್ಯ ತಂಡದ ನಾಯಕಿಯ ಹೆಸರು. ಆದರೆ ಚಿತ್ರದಲ್ಲಿರುವುದು ನಾಯಕಿಯಲ್ಲ. ಯಾರದೋ ಫೋಟೊ ಯಾರದೋ ಹೆಸರಿನ ಮೇಲೆ ಕೂತುಬಿಟ್ಟಿತ್ತು. ಕಂಪನಿಯವರು ಗೊತ್ತಾದ ಕೂಡಲೇ ಅಚ್ಚು ನಿಲ್ಲಿಸಿ, ನಾಯಕಿಯದೇ ಫೋಟೊ ಹಾಕಿ ಹೊಸದಾಗಿ ಮಾಡಿಸಿದರು. ಅಷ್ಟರಲ್ಲಿ ಒಂದಷ್ಟು ತಪ್ಪು ಕಾರ್ಡುಗಳು ಹೊರಬಿದ್ದಿದ್ದವು. ಸರಿಯಾದ ಕಾರ್ಡು ಈ ಜನಕ್ಕೆ ಮೂರು ಕಾಸಿನದ್ದು, ತಪ್ಪು ಕಾರ್ಡಿಗೆ ಕೈ ಮುಗಿಯುತ್ತಾರೆ. ಇದರ ಚೀಟಿಯ ಒಕ್ಕಣೆಯನ್ನು ಕಾರ್ಯದರ್ಶಿಗಳೇ ನಿಧಾನವಾಗಿ ಹೇಳಿದರು, ನಾನು ಟೈಪ್ ಮಾಡಿದೆ: "ದೋಷದ ಅಚ್ಚು. ನಾಯಕಿಯ ಹೆಸರು, ಬೇರೆ ಯಾವುದೋ ಆಟಗಾರ್ತಿಯ ಚಿತ್ರ. ಅತಿ ಅಪರೂಪ."

ಇದನ್ನೇ ಆಳೆತ್ತರದ ಫ್ಲೆಕ್ಸ್ ಮಾಡಿ ಭವನದ ಮುಂದೆ ನಿಲ್ಲಿಸಬೇಕಿತ್ತು. ಅರ್ಧ ಇಸ್ಪೀಟೆಲೆಯನ್ನು ಆಳೆತ್ತರಕ್ಕೆ ಹಿಗ್ಗಿಸುವುದು ತಮಾಷೆಯ ಮಾತಾ? ಅಚ್ಚಾದ ಚಿತ್ರ ಅಂದರೆ ಹತ್ತಿರದಿಂದ ಬರೀ ಚುಕ್ಕೆ. ಸ್ಕ್ಯಾನ್ ಮಾಡಿದ್ದೇ ತಡ, ಆ ಚುಕ್ಕೆಗಳೆಲ್ಲ ಸೇರಿ ಹುಡುಗಿಯ ಮುಖದ ತುಂಬ ಚೌಕಳಿ ಲುಂಗಿಯ ಹಾಗೆ ಪಟ್ಟೆ ಎದ್ದವು. ಕಾರ್ಡನ್ನು ಓರೆಯಾಗಿಟ್ಟು ಮತ್ತೆ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ನೆಟ್ಟಗೆ ತಿರುಗಿಸಿ, ಚುಕ್ಕೆ ಕರಗುವಷ್ಟು ಮಸುಕು ಮಾಡಿ, ಮತ್ತೆ ಕಣ್ಣು, ಮೂಗು, ಬೆರಳಿನ ಅಂಚುಗಳನ್ನಷ್ಟೇ ಚೂಪು ಮಾಡಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಸೇವ್ ಮಾಡಿರಲಿಲ್ಲ. ಮೈ ಪರಚಿಕೊಳ್ಳುವ ಹಾಗಾಯಿತು. ಮತ್ತೆ ಮೊದಲಿಂದ.

ಕಾರ್ಯದರ್ಶಿಗಳು ಕುರ್ಚಿ ಬಿಟ್ಟು ಏಳಲಿಲ್ಲ. ಎಣ್ಣೆ ಕಲೆ ಹಾಗೇ ಇರಲಿ ಕಣಮ್ಮ, ಅದೇ ಅಸಲಿಗೆ ಸಾಕ್ಷಿ ಅಂದರು. ಕಲೆ ಬಿಟ್ಟು ಉಳಿದ ಕೊಳೆ ತೆಗೆಯಲು ಕೂತೆ. ಆಕಾಶದಲ್ಲಿ ಉಗುರು ತಾಗಿದ ಗುರುತು, ಕಂಬದ ಮೇಲೆ ಧೂಳಿನ ಚುಕ್ಕಿ, ಹುಡುಗಿಯ ಬಲಹುಬ್ಬನ್ನು ಅಡ್ಡ ಸೀಳಿದ ಒಂದು ಬಿಳಿ ಗೀರು. ಪಕ್ಕದ ಕೂದಲನ್ನೇ ಸ್ವಲ್ಪ ಸ್ವಲ್ಪ ಎತ್ತಿ ಗೀರಿನ ಮೇಲೆ ತುಂಬಿ, ಹುಬ್ಬನ್ನು ಕಾಮನಬಿಲ್ಲಿನ ಹಾಗೆ ಮಾಡಿಟ್ಟೆ. ಚೆನ್ನಾಗಿ ಬಂತು ಅಂತ ಒಳಗೊಳಗೇ ಬೀಗಿದೆ ಕೂಡ.

ಶನಿವಾರ ಬೆಳಿಗ್ಗೆ ಭವನಕ್ಕೆ ಹೋದರೆ ಇನ್ನೊಂದು ರಾಮಾಯಣ. ಕಾರ್ಡುಗಳನ್ನು ಸಾಲಾಗಿ ಕೂರಿಸಿದ ಗಾಜಿನ ಚೌಕಟ್ಟುಗಳನ್ನು ಕಿಟಕಿಗೆ ಎದುರಾಗಿ ನಿಲ್ಲಿಸಿಬಿಟ್ಟಿದ್ದರು. ಕಾರ್ಡಿನ ಬದಲು ನೋಡುವವರ ಮುಖವೇ ಕಾಣುತ್ತಿತ್ತು. ಎಲ್ಲವನ್ನೂ ಗೋಡೆಗೆ ತಿರುಗಿಸಿದ್ದಾಯಿತು. ತಿರುಗಿಸುವಾಗ ಚೀಟಿಗಳು ಕಿತ್ತು ಬಂದವು. ಎರಡು ಬದಿ ಅಂಟುವ ಟೇಪು ಸೆಖೆಗೆ ಜಾರುತ್ತಿತ್ತು, ಹಾಗಂತ ಫ್ಯಾನ್ ಹಾಕುವಂತಿಲ್ಲ, ಕಾರ್ಡು ಹಾರುತ್ತವೆ. ಬೆಂಗಳೂರು, ಮಂಡ್ಯ, ಹಾಸನದ ಕಡೆಯಿಂದ ಬಂದ ದೊಡ್ಡ ದೊಡ್ಡ ಗಂಡಸರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ನನ್ನ ಹತ್ತಿರ ಎರಡಿದೆ ನಿನ್ನದೊಂದು ಕೊಡು ಅಂತ ಚೌಕಾಸಿ ಮಾಡುತ್ತಿದ್ದರು. ನಡುನಡುವೆ ಒಬ್ಬೊಬ್ಬರೇ ಬಂದು ನನ್ನ ಮುಂದೆ ನಿಲ್ಲುವರು: "ಅಪರೂಪ" ತೆಗೆದು "ಅತಿ ಅಪರೂಪ" ಮಾಡಿ ಮೇಡಂ. ಮಾಡಿಕೊಟ್ಟರೆ ಪಕ್ಕದ ಚೌಕಟ್ಟಿನವರು ಓಡಿಬಂದು ತಮಗೂ ಹಾಗೇ ಬೇಕು ಅನ್ನುವರು. ಮಧ್ಯಾಹ್ನದ ಹೊತ್ತಿಗೆ ಆ ಭವನದಲ್ಲಿ ಬರೀ ಅಪರೂಪ ಅನ್ನುವ ಕಾರ್ಡು ಒಂದೂ ಉಳಿದಿರಲಿಲ್ಲ.

ಊಟ ಮುಗಿಸಿ ಬಂದು ಕೂತಿದ್ದೆನಷ್ಟೇ. ಒಬ್ಬ ಹೆಂಗಸು ನೇರ ನನ್ನ ಮೇಜಿನ ಹತ್ತಿರ ಬಂದಳು. ಸೀರೆಯ ಮೇಲೆ ಫ್ಯಾಕ್ಟರಿಯ ನೀಲಿ ಕೋಟು, ಕೈಯಲ್ಲಿ ಊಟದ ಡಬ್ಬಿಯ ಚೀಲ, ದುಡುದುಡು ನಡೆದು ಬಂದ ಉಸಿರು.

"ಆಚೆ ಬೋರ್ಡ್ ಮಾಡಿದ್ದು ನೀವೇನಾ ಮೇಡಂ?"

ನಾನೇ ಅಂದೆ. ಇವರಿಗೂ ಏನೋ ಬದಲಾಯಿಸಬೇಕು ಅಂದುಕೊಂಡು ಕೀಬೋರ್ಡ್ ಎಳೆದುಕೊಂಡೆ.

"ನನ್ ಉಬ್ಬಿನ್ ಮೇಲೆ ಗಾಯ ಇತ್ತಲ್ಲ, ಅದೆಲ್ಲೋಯ್ತು?"

ತಲೆ ಎತ್ತಿ ನೋಡಿದೆ. ಬಲಹುಬ್ಬಿನ ನಡುವೆ ಕೂದಲಿಲ್ಲದ ಒಂದು ಬಿಳಿ ಗೆರೆ, ಹಣೆಯವರೆಗೂ ಓರೆಯಾಗಿ ಹತ್ತಿತ್ತು. ಎರಡು ದಿನ ಆ ಮುಖವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದವಳು ನಾನು. ವಯಸ್ಸಾಗಿತ್ತು, ಕೆನ್ನೆ ಒಣಗಿತ್ತು, ಆದರೆ ಮುಖ ಅದೇ. ಕಾಗದದ ಗೀರು ಅಂತ ನಾನು ಅಳಿಸಿಹಾಕಿದ್ದು ಈಕೆಯ ಗಾಯದ ಗುರುತನ್ನು.

ಕೂರಿಸಿದೆ. ನೀರು ಕೊಟ್ಟೆ. ಕುಡಿಯಲಿಲ್ಲ. ಊರಂಚಿನ ಹೆಬ್ಬಾಳದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸವಂತೆ. ಮೊದಲನೇ ಶಿಫ್ಟು ಮುಗಿಸಿ ಬಸ್ಸಿನಲ್ಲಿ ಹೋಗುತ್ತಿದ್ದಾಗ ಭವನದ ಮುಂದೆ ತನ್ನ ಮುಖ ಕಂಡಿತು. ಅದು ನಾನು ಅಂತ ಪಕ್ಕದಲ್ಲಿದ್ದ ಫ್ಯಾಕ್ಟರಿಯವರಿಗೆ ತೋರಿಸಿದಳು. ಅವರು ಬಗ್ಗಿ ಕೆಳಗಿದ್ದ ಹೆಸರು ಓದಿದರು, ಓದಿ ನಕ್ಕರು. ಬಸ್ಸೆಲ್ಲ ನಕ್ಕಿತು. ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದೇ ವಾಪಸು ಬಂದಿದ್ದಳು.

ಗಾಯ ಆದದ್ದು ಅಭ್ಯಾಸದಲ್ಲಿ ಕಂಬಕ್ಕೆ ಹಣೆ ಬಡಿದು. ಆ ಕಾಲದಲ್ಲಿ ರಾಜ್ಯ ತಂಡದಲ್ಲಿ ಇದ್ದಳು. ಒಂದು ದಿನ ಫೋಟೊದವನು ಮೈದಾನಕ್ಕೆ ಬಂದು ಎಲ್ಲರದೂ ತೆಗೆದುಕೊಂಡು ಹೋದ, ಅಗರಬತ್ತಿ ಪೊಟ್ಟಣದಲ್ಲಿ ಬರುತ್ತೆ ಅಂದ. ಆ ವರ್ಷ ಇವಳ ತಾಯಿ ಮನೆಯಲ್ಲಿ ಬೇರೆ ಬತ್ತಿ ಹಚ್ಚಲಿಲ್ಲ. ಪೊಟ್ಟಣದ ಮೇಲೆ ಪೊಟ್ಟಣ ತಂದರು. ಪೈಲ್ವಾನರು ಬಂದರು, ನಾಯಕಿ ಬಂದಳು, ನಾಯಕಿಯೇ ಮತ್ತೆ ಮತ್ತೆ ಬಂದಳು, ಇವಳು ಬರಲಿಲ್ಲ. ನಿನ್ನದು ಬೇಡ ಅಂತ ಬಿಟ್ಟಿರಬೇಕು ಬಿಡು ಅಂದರು ಮನೆಯಲ್ಲಿ. ಆಮೇಲೆ ಆಟ ನಿಂತಿತು, ಮದುವೆಯಾಯಿತು, ಫ್ಯಾಕ್ಟರಿಗೆ ಸೇರಿದಳು. ರಾಜ್ಯಕ್ಕೆ ಆಡಿದ್ದೆ ಅಂದರೆ ಅಲ್ಲಿ ಯಾರೂ ನಂಬುವುದಿಲ್ಲ, ಅದಕ್ಕೆ ಹೇಳುವುದನ್ನೇ ಬಿಟ್ಟಿದ್ದಳು.

ಅಸಲಿ ಕಾರ್ಡಿರುವ ಚೌಕಟ್ಟಿನ ಹತ್ತಿರ ಕರೆದುಕೊಂಡು ಹೋದೆ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದಳು. ಆ ವರ್ಷವೆಲ್ಲ ಪೊಟ್ಟಣ ಬಿಚ್ಚಿ ಬಿಚ್ಚಿ ಹುಡುಕಿದ್ದನ್ನು ಈಗ ನೋಡುತ್ತಿದ್ದಾಳೆ, ಸಂತೋಷ ಪಡುತ್ತಾಳೆ ಅಂದುಕೊಂಡೆ. ಅವಳು ಕೆಳಗಿನ ಚೀಟಿ ಓದುತ್ತಿದ್ದಳು.

"ಬೇರೆ ಯಾವುದೋ ಆಟಗಾರ್ತಿ," ಅಂತ ಓದಿ ನನ್ನ ಕಡೆ ತಿರುಗಿದಳು. ನನಗೆ ಎಲ್ಲಾದರೂ ಹೋಗಿ ಅವಿತುಕೊಳ್ಳೋಣ ಅನ್ನಿಸಿತು.

ಕಾರ್ಯದರ್ಶಿಗಳನ್ನು ಕೂಗಿದೆ. ಅವರು ಭೂತಗನ್ನಡಿ ತಂದರು, ಕಾರ್ಡಿನ ಹುಬ್ಬು ನೋಡಿದರು, ಈಕೆಯ ಹುಬ್ಬು ನೋಡಿದರು, ಶಿವ ಶಿವಾ ಅಂತ ಕೂತುಬಿಟ್ಟರು. ಆಮೇಲೆ ಎದ್ದು ಭವನದಲ್ಲಿದ್ದವರನ್ನೆಲ್ಲ ಕರೆದರು. ತಪ್ಪು ಕಾರ್ಡಿನ ಹೆಣ್ಣುಮಗಳು ಸಿಕ್ಕಿಬಿಟ್ಟಳು ಅಂತ ಹಬ್ಬವಾಯಿತು. ಸಾಲು ನಿಂತು ಒಬ್ಬೊಬ್ಬರೂ ಭೂತಗನ್ನಡಿಯಲ್ಲಿ ಕಾರ್ಡು ನೋಡುವುದು, ತಿರುಗಿ ಅವಳ ಹಣೆ ನೋಡುವುದು, ಕರೆಕ್ಟು ಅನ್ನುವುದು. ಎಷ್ಟೋ ವರ್ಷದಿಂದ ಈ ಕಾರ್ಡಿಗಾಗಿ ಜೀವ ಬಿಡುತ್ತಿದ್ದ ಜನ. ಅಷ್ಟು ಜನರಲ್ಲಿ ಒಬ್ಬರೂ ಆಕೆಯ ಹೆಸರು ಕೇಳಲಿಲ್ಲ. ಹಾಗೆ ನೋಡಿದರೆ ನಾನೂ ಕೇಳಿರಲಿಲ್ಲ. ಕೇಳಿದೆ.

"ನಂಜಮಣಿ," ಅಂದಳು.

ಓಡಿಹೋಗಿ ಹೊಸ ಚೀಟಿ ಟೈಪ್ ಮಾಡಿ ತಂದೆ: "ಚಿತ್ರದಲ್ಲಿರುವವರು ನಂಜಮಣಿ." ಅಂಟಿಸಲು ಹೋದರೆ ಕಾರ್ಯದರ್ಶಿಗಳು ಕೈ ಅಡ್ಡ ಹಿಡಿದರು. ಆ ನಾಯಕಿ ಈಗ ದೊಡ್ಡ ಹುದ್ದೆಯಲ್ಲಿದ್ದರು, ಮಾರನೆಯ ದಿನ ಸಮಾರೋಪಕ್ಕೆ ಅವರೇ ಮುಖ್ಯ ಅತಿಥಿ. ಎಲ್ಲರೆದುರು ಈ ಕಾರ್ಡಿನ ಮೇಲೆ ಅವರಿಂದ ಸಹಿ ಮಾಡಿಸಬೇಕು ಅನ್ನುವುದು ಕಾರ್ಯದರ್ಶಿಗಳ ಬಹುಕಾಲದ ಆಸೆ. ಕರೆದ ಅತಿಥಿಗೆ ಇದು ನೀವಲ್ಲ ಅಂತ ಬರೆದು ತೋರಿಸುವುದೇ? ಸಮಾವೇಶ ಮುಗಿಯಲಿ, ಸಮಿತಿಯಲ್ಲಿ ಇಟ್ಟು ನೋಡೋಣ ಅಂದರು.

ಹೊರಗಿನ ಬೋರ್ಡಿನಲ್ಲಾದರೂ ಹೆಸರು ಬದಲಾಯಿಸುತ್ತೇನೆ ಅಂದೆ. ಅದಂತೂ ಆಗುವುದೇ ಇಲ್ಲವಂತೆ. ಕಾರ್ಡಿನ ಅಚ್ಚನ್ನು ತಿದ್ದಿ ತೋರಿಸಿದರೆ ಅದು ನಕಲಿ, ನಕಲಿ ಕಾರ್ಡು ಭವನದ ಬಾಗಿಲು ದಾಟಬಾರದು ಅನ್ನುವುದು ಅವರ ಸಂಘದ ಮೊದಲನೇ ನಿಯಮ. ಸುಳ್ಳು ಹೆಸರಿದ್ದರೆ ಅಸಲಿ, ನಿಜ ಹೆಸರು ಹಾಕಿದರೆ ನಕಲಿ. ನನಗೆ ತಲೆ ಚಿಟ್ಟು ಹಿಡಿಯಿತು.

"ಕಾರ್ಡು ನಿಮ್ಮದು ಸಾರ್, ಚೀಟಿ ನನ್ನದು," ಅಂತ ಅಂಟಿಸಿಯೇ ಬಿಟ್ಟೆ. ಅವರು ಉಗುರಿನಿಂದ ನಿಧಾನವಾಗಿ ಬಿಡಿಸಿ, ಮಡಿಚಿ, ನನ್ನ ಕೈಗೇ ಕೊಟ್ಟರು. ಹರಿದು ಬಿಸಾಕಿದ್ದರೆ ಜಗಳವಾದರೂ ಆಡಬಹುದಿತ್ತು.

ಆದರೂ ಬಿಡಲಿಲ್ಲ. ಉಸಿರು ತಾಗಿದರೂ ಕಾರ್ಡು ಕೆಡುತ್ತೆ ಅನ್ನುವವರು ಅದರ ಮೇಲೆ ಪೆನ್ನು ಹೇಗೆ ಆಡಿಸುತ್ತೀರಿ ಅಂತ ಕೇಳಿದೆ. ಅದಕ್ಕೆ ಅವರು ಪಾಠ ಹೇಳಿದರು. ಕಾರ್ಡಿನ ಮೇಲೆ ಯಾರು ಏನು ಬರೆದರೂ ಅದು ಹಾಳೇ. ಒಂದೇ ಒಂದು ವಿನಾಯಿತಿ: ಚಿತ್ರದಲ್ಲಿ ಇರುವವರು ತಮ್ಮ ಕೈಯಾರೆ ಸಹಿ ಮಾಡಿದರೆ ಅದು ಹಾಳಲ್ಲ, ತಿದ್ದಿದ್ದೂ ಅಲ್ಲ. ಎಲ್ಲ ಊರಿನ ಸಂಗ್ರಾಹಕರೂ ಒಪ್ಪುವ ಮಾತು ಅದು.

"ಹಾಗಾದರೆ ಸಹಿ ಮಾಡಬೇಕಾದವರು ಇಲ್ಲಿ ನಿಂತಿದ್ದಾರಲ್ಲ ಸಾರ್," ಅಂದೆ.

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿದರು. ಹೆಸರು ಆ ಮೇಡಮ್ಮನವರದಲ್ಲವಾ ಅಂತ ಗೊಣಗಿ, ಯಾರನ್ನೋ ಕರೆಯುವ ನೆಪದಲ್ಲಿ ಆಚೆ ಹೋದರು.

ನಾನು ಅಲ್ಲೇ ತೀರ್ಮಾನ ಮಾಡಿದೆ. ನಾಯಕಿಯ ಕೈಯಿಂದ ಆ ಕಾರ್ಡಿನ ಮೇಲೆ ಗೆರೆ ಬೀಳಬಾರದು, ನಂಜಮಣಿಯ ಕೈಯಿಂದಲೇ ಬೀಳಬೇಕು. ಅವಳ ಹೆಸರು ಆ ಕಾರ್ಡಿಗೆ ಹತ್ತಲು ಇನ್ನು ಬೇರೆ ದಾರಿಯೇ ಇರಲಿಲ್ಲ. ನಾಳೆ ಮಧ್ಯಾಹ್ನದ ಮೇಲೆ ಸಮಾರೋಪಕ್ಕೆ ಬನ್ನಿ ಅಂತ ಹೇಳಿ, ಯಾಕೆ ಅನ್ನುವುದನ್ನೂ ಬಿಡಿಸಿ ಹೇಳಿದೆ. ನಾಳೆ ಎರಡನೇ ಶಿಫ್ಟು, ಯಾರಾದರೂ ಬದಲಿ ಸಿಕ್ಕರೆ ಮೊದಲನೇದಕ್ಕೆ ಹೋಗಿ ಬರಬಹುದು ಅಂದಳು.

"ಬಂದೇ ಬತ್ತೀನಿ ಅಂತ ಯೋಳಕ್ಕಾಗಲ್ಲ ಅಕ್ಕ. ನನ್ ಎಸ್ರಿಗೋಸ್ಕರ ಯಾರ್ ಶಿಫ್ಟ್ ಬಿಟ್ಕೊಡ್ತಾರೆ?"

ಬಸ್ಸಿನಲ್ಲಿ ನಕ್ಕವರಲ್ಲೇ ಒಬ್ಬರನ್ನು ಕೇಳಬೇಕಿತ್ತು ಅವಳು. ಅವಳ ಹತ್ತಿರ ಫೋನಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಆ ಸಂಜೆ ಅಂಗಡಿಗೆ ಹೋಗಿ ಗೀರು ಅಳಿಸುವ ಮೊದಲಿನ ಸ್ಕ್ಯಾನ್ ಇಟ್ಟುಕೊಂಡಿದ್ದ ಸಿಡಿ ಹುಡುಕಿದೆ. ಸಿಕ್ಕಿತು. ಹುಬ್ಬಿನ ಭಾಗವನ್ನಷ್ಟೇ ಕತ್ತರಿಸಿ, ಫ್ಲೆಕ್ಸಿನ ಅಳತೆಗೆ ಹಿಗ್ಗಿಸಿ, ಸ್ಟಿಕ್ಕರ್ ಹಾಳೆಯ ಮೇಲೆ ಪ್ರಿಂಟ್ ತೆಗೆದೆ. ಮೊದಲನೇದರ ಬಣ್ಣ ಕೆಂಪಾಯಿತು, ಎರಡನೇದು ಹಸಿರಾಯಿತು, ಮೂರನೇದು ಹೆಚ್ಚುಕಡಿಮೆ ಹೊಂದಿತು. ಭಾನುವಾರ ಬೆಳಿಗ್ಗೆ ಭವನದ ಮುಂದೆ ಸ್ಟೂಲ್ ಹತ್ತಿ ಫ್ಲೆಕ್ಸಿನ ಮುಖದ ಮೇಲೆ ಅಂಟಿಸುತ್ತಿದ್ದಾಗ ಕಾರ್ಯದರ್ಶಿಗಳು ಬಂದು ಕೆಳಗೆ ನಿಂತರು. ಕಾರ್ಡಿನಲ್ಲಿ ಇರುವುದನ್ನೇ ವಾಪಸು ಇಡುತ್ತಿದ್ದೇನೆ, ನಿಯಮ ಮುರಿದಿಲ್ಲ ಅಂದೆ. ಅವರು ಸ್ಟೂಲ್ ಅಲ್ಲಾಡದ ಹಾಗೆ ಒಂದು ಕಾಲಿನಿಂದ ಒತ್ತಿ ಹಿಡಿದರು.

ನಾಯಕಿ ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರು. ಬೇರೆ ಕಡೆ ಇನ್ನೊಂದು ಕಾರ್ಯಕ್ರಮವಂತೆ, ಸಹಿ ಮೊದಲು ಮುಗಿಸೋಣ ಅಂದರು. ಗೇಟಿಗೂ ಮೇಜಿಗೂ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಹೆಬ್ಬಾಳದ ಕಡೆಯ ಒಂದು ಬಸ್ಸು ಬಂತು, ಯಾರೂ ಇಳಿಯಲಿಲ್ಲ. ಇನ್ನೊಂದು ನಿಲ್ಲಲೇ ಇಲ್ಲ.

ಒಳಗೆ ಸಿದ್ಧತೆ ನಡೆದಿತ್ತು. ಮೇಜಿನ ಮೇಲೆ ಮೆತ್ತನೆಯ ಹಸಿರು ಬಟ್ಟೆ ಹಾಸಿ, ಚೌಕಟ್ಟು ಬಿಚ್ಚಿ, ಕಾರ್ಡನ್ನು ಚಿಮಟದಲ್ಲಿ ತಂದಿಟ್ಟರು. ನುಣುಪು ಕಾಗದ, ಎಣ್ಣೆ ಬೇರೆ ಕುಡಿದಿದೆ, ಬಾಲ್ ಪೆನ್ನು ಜಾರುತ್ತದೆ, ಇಂಕ್ ಪೆನ್ನು ಹರಡುತ್ತದೆ. ಸಿಡಿ ಮೇಲೆ ಬರೆಯಲು ನಾನು ಇಟ್ಟುಕೊಂಡಿದ್ದ ಸಣ್ಣ ಮೊನೆಯ ಕಪ್ಪು ಮಾರ್ಕರನ್ನೇ ಕೇಳಿ ತೆಗೆದುಕೊಂಡರು. ಬೆಲೆಯಿಲ್ಲದ ಒಂದು ಪೈಲ್ವಾನ್ ಕಾರ್ಡಿನ ಮೇಲೆ ಗೀಚಿ ನೋಡಿ, ಆರಿದ ಮೇಲೆ ಬೆರಳಿನಿಂದ ಉಜ್ಜಿ, ಅಳಿಸಲ್ಲ ಅಂತ ಖಾತ್ರಿ ಮಾಡಿಕೊಂಡರು. ನಾಯಕಿ ಮಾರ್ಕರಿನ ಮುಚ್ಚಳ ತೆಗೆದು ಕಾರ್ಡಿನ ಕಡೆ ಬಗ್ಗಿದರು.

"ಮೇಡಂ, ದಯವಿಟ್ಟು ಸಹಿ ಮಾಡಬೇಡಿ," ಅಂದೆ. ದನಿ ನನ್ನದೇ, ಆದರೆ ಅಷ್ಟು ಜೋರಾಗಿ ಬರುತ್ತೆ ಅಂತ ಗೊತ್ತಿರಲಿಲ್ಲ.

ಕಾರ್ಯದರ್ಶಿಗಳು ಹಣೆಗೆ ಕೈ ಇಟ್ಟುಕೊಂಡರು. ನಾಯಕಿ ನನ್ನನ್ನು ನೋಡಿದರು, ಆಮೇಲೆ ಕಾರ್ಡನ್ನು ಬೆರಳಂಚಿನಲ್ಲಿ ಹತ್ತಿರಕ್ಕೆ ಎಳೆದುಕೊಂಡು ಮೊದಲ ಸಲ ಸರಿಯಾಗಿ ನೋಡಿದರು. ಇದು ನಾನಲ್ವಲ್ಲ ಅಂದರು. ಅದೇ ಇದರ ವಿಶೇಷ ಮೇಡಂ ಅಂತ ಯಾರೋ ಹಿಂದಿನಿಂದ ಅಂದರು. ಆಕೆ ಅದನ್ನು ಕೇಳಿಸಿಕೊಳ್ಳಲಿಲ್ಲ.

ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು. ಇವಳು ನಮ್ಮ ಟೀಮಿನವಳು, ಒಂಬತ್ತನೇ ನಂಬರು, ಕಂಬದ ಹತ್ತಿರ ಇವಳ ಹಾಗೆ ತಿರುಗುವವರು ಬೇರೆ ಯಾರೂ ಇರಲಿಲ್ಲ ಅಂದರು. ನಾವೆಲ್ಲ ಒಂಬತ್ತು ಅಂತಲೇ ಕೂಗುತ್ತಿದ್ದೆವು ಅಂದರು. ಹೆಸರು ನೆನಪಾಗಲಿಲ್ಲ. ಕಣ್ಣು ಮುಚ್ಚಿ ಯೋಚಿಸಿದರೂ ಬರಲಿಲ್ಲ. ನನಗೆ ಗೊತ್ತಿತ್ತು, ಹೇಳಲಿಲ್ಲ. ಅದನ್ನು ಹೇಳುವುದು ನನ್ನ ಕೆಲಸವಲ್ಲ ಅನ್ನಿಸಿತು. ಆಕೆ ಬರುವವಳಿದ್ದಾಳೆ, ಹೆಬ್ಬಾಳದಿಂದ, ಶಿಫ್ಟು ಮುಗಿದ ಮೇಲೆ, ಅಂದೆ ಅಷ್ಟೇ. ಬದಲಿ ಸಿಕ್ಕಿತೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಆದರೂ ಕಂಡವಳ ಹಾಗೆ ಹೇಳಿದೆ.

ನಾಯಕಿ ಮಾರ್ಕರಿನ ಮುಚ್ಚಳ ಹಾಕಿದರು. ಕಾಫಿ ಇದ್ದರೆ ಕೊಡಿ, ಕಾಯ್ತೀನಿ ಅಂದರು.

ಕಾಫಿ ಬಂತು, ತಣ್ಣಗಾಯಿತು. ನಾಯಕಿಯ ಡ್ರೈವರ್ ಎರಡು ಸಲ ಬಂದು ಬಾಗಿಲಲ್ಲಿ ಮುಖ ತೋರಿಸಿ ಹೋದ. ಸಂಗ್ರಾಹಕರು ಗುಂಪು ಗುಂಪಾಗಿ ನನ್ನ ಕಡೆ ನೋಡಿ ಪಿಸುಗುಡುತ್ತಿದ್ದರು. ಇನ್ನು ಮುಂದೆ ಇವರ ಯಾವ ಕೆಲಸವೂ ನನಗೆ ಬರುವುದಿಲ್ಲ ಅನ್ನುವುದು ಆಗಲೇ ಇತ್ಯರ್ಥವಾಗಿತ್ತು. ಕಾರ್ಯದರ್ಶಿಗಳು ಮಾತ್ರ ಕಾರ್ಡಿನ ಹತ್ತಿರ ಒಬ್ಬರೇ ಕೂತು, ಭೂತಗನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದರು. ಎಷ್ಟೋ ಸಲ ನೋಡಿದ ಕಾರ್ಡು. ಈಗ ಹೊಸದಾಗಿ ಏನು ಕಾಣುತ್ತಿತ್ತೋ.

ನಂಜಮಣಿ ಬಂದಳು. ಅದೇ ನೀಲಿ ಕೋಟು, ಅದೇ ಚೀಲ. ಹಿಂದೆ ಇನ್ನಿಬ್ಬರು ಕೋಟಿನ ಹೆಂಗಸರು. ಬಸ್ಸಿನಲ್ಲಿ ನಕ್ಕವರಂತೆ, ನೋಡಿಯೇ ಬಿಡೋಣ ಅಂತ ಜೊತೆಗೆ ಬಂದಿದ್ದರು. ನಾಯಕಿ ಎದ್ದು ನಿಂತರು.

"ನಿನ್ನ ಹೆಸರು ಮರೆತುಬಿಟ್ಟಿದೀನಿ ಕಣೇ," ಅಂದರು ನಾಯಕಿ. ಅಷ್ಟು ಜನರೆದುರು ಹಾಗೆ ಒಪ್ಪಿಕೊಳ್ಳುವುದು ಸುಲಭವಲ್ಲ. ಕಣ್ಣಲ್ಲಿ ನೀರಿತ್ತು.

"ಬರ್ದೇ ತೋರುಸ್ತೀನಿ ಬುಡಕ್ಕ," ಅಂದಳು ನಂಜಮಣಿ.

ಎಲ್ಲರೂ ಕಾರ್ಯದರ್ಶಿಗಳ ಕಡೆ ತಿರುಗಿದರು. ಕಾರ್ಡು ಅವರದು. ಬೇಡ ಅಂದಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಅವರು ಭೂತಗನ್ನಡಿ ಕೆಳಗಿಟ್ಟು, ಚಿಮಟವನ್ನೂ ಹುಡುಕದೆ, ತಮ್ಮ ಬರಿಗೈಯಲ್ಲೇ ಕಾರ್ಡನ್ನು ಅವಳ ಕಡೆ ತಿರುಗಿಸಿ ಇಟ್ಟು, ಕುರ್ಚಿ ಬಿಟ್ಟು ಎದ್ದರು.

ನಂಜಮಣಿ ಕೋಟಿಗೆ ಅಂಗೈ ಒರೆಸಿಕೊಂಡು ಕೂತಳು. ಮಾರ್ಕರು ತೆಗೆದುಕೊಂಡಳು. ಕಾರ್ಯದರ್ಶಿಗಳು ಬಗ್ಗಿ, ಮೇಲುಗಡೆ ಆಕಾಶ ಖಾಲಿ ಇದೆ ಕಣಮ್ಮ, ಅಲ್ಲಿ ಬರಿ, ಚೆನ್ನಾಗಿ ಕಾಣುತ್ತೆ ಅಂದರು. ಅವಳು ಮೊನೆಯನ್ನು ಆಕಾಶದ ಮೇಲೆ ತಂದಳು, ನಿಲ್ಲಿಸಿದಳು, ಅಲ್ಲಿಂದ ಕೆಳಗಿಳಿಸಿ ಹಳದಿ ಪಟ್ಟಿಯ ಮೇಲೆ, ಅಚ್ಚಾಗಿದ್ದ ಹೆಸರಿನ ಮೊದಲ ಅಕ್ಷರದ ಮೇಲೆ ಇಟ್ಟಳು. ಅಯ್ಯಯ್ಯೋ ಅಲ್ಲಿ ಬೇಡ ಅಂತ ಎರಡು ಮೂರು ದನಿ ಒಟ್ಟಿಗೆ ಎದ್ದವು. ನಾಯಕಿ ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು.

"ಎಸ್ರು ಬರಿಯೋ ಜಾಗ ಇದೇ ತಾನೆ ಸಾ?" ಅಂತ ತಲೆ ಎತ್ತದೆ ಕೇಳಿ, ನಂಜಮಣಿ ದಪ್ಪ ಅಕ್ಷರದಲ್ಲಿ ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೂ ತನ್ನ ಹೆಸರು ಬರೆದಳು.